ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ: ಮುಂಬಯಿಯ ಮಕ್ಕಳಿಗೆ ಹಳೆಯ ಕನ್ನಡ ಚಿತ್ರಗಳನ್ನು ತೋರಿಸುವ ಬಗೆ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಹಳೆಯ ಕನ್ನಡ ಚಿತ್ರವೊಂದನ್ನು ಹತ್ತು ನಿಮಿಷ ನೋಡಿ ಎದ್ದು ಹೋದರೆ, ನಾವು ಕಪ್ಪು ಬಿಳುಪನ್ನೋ ಕಥೆಯ ನಿಧಾನವನ್ನೋ ದೂರಿ ಸುಮ್ಮನಾಗುತ್ತೇವೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಮೊದಲು ಮಕ್ಕಳನ್ನು, ಈಗ ಮೊಮ್ಮಕ್ಕಳನ್ನೂ ಅವರ ಗೆಳೆಯರನ್ನೂ ಕೂರಿಸಿಕೊಂಡು ಭಾನುವಾರಗಳಲ್ಲಿ ಚಿತ್ರ ತೋರಿಸುತ್ತ ಬಂದ ನನಗೆ ಕಂಡದ್ದು ಬೇರೆ. ಅವರನ್ನು ಎಬ್ಬಿಸಿ ಕಳಿಸುವುದು ಬಣ್ಣವಿಲ್ಲದ ಚಿತ್ರವಲ್ಲ, ಕಿವಿಗೆ ಸಿಕ್ಕದೆ ಜಾರಿಹೋಗುವ ಮಾತು. ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಕಟ್ಟಡದ ಕೆಳಗೆ ಆಡುವಾಗ ಹಿಂದಿ, ಮನೆಯಲ್ಲಿ ಊಟ ತಿಂಡಿ ಬಾಗಿಲು ಬೀಗಕ್ಕೆ ಸೀಮಿತವಾದ ಕನ್ನಡ ಅಥವಾ ತುಳು. ಹೀಗೆ ಬೆಳೆದ ಮಗುವಿಗೆ ಐವತ್ತು ವರ್ಷದ ಹಿಂದಿನ ಸಂಭಾಷಣೆ ಒಮ್ಮೆಲೇ ಅರ್ಥವಾಗಬೇಕೆಂದು ಬಯಸುವುದು ತಪ್ಪು. ಆದ್ದರಿಂದ ಚಿತ್ರ ತೋರಿಸುವ ಕೆಲಸವು ಟಿವಿ ಹಚ್ಚುವುದಕ್ಕಿಂತ ಎರಡು ಮೂರು ವಾರ ಮೊದಲೇ, ಕಿವಿಯಿಂದ ಆರಂಭವಾಗಬೇಕು.

ಇದಕ್ಕೆ ಹಾಡಿಗಿಂತ ಒಳ್ಳೆಯ ದಾರಿಯಿಲ್ಲ. ನೀವು ತೋರಿಸಬೇಕೆಂದಿರುವ ಚಿತ್ರದ ಒಂದೋ ಎರಡೋ ಹಾಡನ್ನು ಅಡುಗೆ ಮಾಡುವಾಗ, ಶಾಲೆಗೆ ಬಿಡಲು ಹೋಗುವಾಗ, ಏನೂ ಹೇಳದೆ ಕೇಳಿಸುತ್ತ ಹೋಗಿ. ‘ಕಸ್ತೂರಿ ನಿವಾಸ’ವನ್ನು ತೋರಿಸುವ ಮೊದಲು ಅದರ ಬೊಂಬೆಯ ಹಾಡನ್ನು ಮಗು ನಾಲ್ಕು ಸಲ ಕೇಳಿ ಗುನುಗುವಂತಾಗಿದ್ದರೆ, ಚಿತ್ರದಲ್ಲಿ ಆ ಹಾಡು ಬಂದಾಗ ಅದಕ್ಕೆ ಪರಿಚಿತರೊಬ್ಬರು ಎದುರಾದಂತಾಗುತ್ತದೆ, ಅದೇ ಹಾಡು ದುಃಖದ ಧಾಟಿಯಲ್ಲಿ ಮತ್ತೆ ಬಂದಾಗ ಯಾರೂ ವಿವರಿಸದೆಯೇ ಏನೋ ಕಳೆದುಹೋಯಿತೆಂದು ತಿಳಿಯುತ್ತದೆ. ಮರಾಠಿ ಗೆಳೆಯರ ನಡುವೆ ಇರುವ ಮಕ್ಕಳಿಗೆ ಇನ್ನೊಂದು ಎಳೆಯೂ ಉಂಟು. ಲತಾ ಮಂಗೇಶ್ಕರ್ ಅವರು 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ ಕನ್ನಡದಲ್ಲಿ ಹಾಡಿದ್ದಾರೆ. ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ದನಿ 1966ರ ‘ಸಂಧ್ಯಾರಾಗ’ದಲ್ಲಿದೆ. ತಾವು ಈಗಾಗಲೇ ಬಲ್ಲ ದನಿಯೊಂದು ಮನೆಯ ಭಾಷೆಯಲ್ಲಿ ಹಾಡುವುದನ್ನು ಕೇಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಅಚ್ಚರಿಯನ್ನು ನಾನು ಅನೇಕ ಸಲ ನೋಡಿದ್ದೇನೆ.

ಕಿವಿ ಚುರುಕಾದ ಮಕ್ಕಳು ಕೇಳುವ ಒಂದು ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ರಾಜ್‌ಕುಮಾರ್ ಮಾತನಾಡುವ ದನಿಯೇ ಬೇರೆ, ಹಾಡುವ ದನಿಯೇ ಬೇರೆ, ಯಾಕೆ ಎಂದು ನನ್ನ ಮೊಮ್ಮಗಳು ಕೇಳಿದ್ದಳು. ಬಹುಕಾಲ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು, 1974ರ ‘ಸಂಪತ್ತಿಗೆ ಸವಾಲ್’ ನಂತರ ಹೆಚ್ಚಾಗಿ ತಾವೇ ಹಾಡತೊಡಗಿದರು ಎಂದು ಹೇಳಿದ ಮೇಲೆ, ಪ್ರತಿಯೊಂದು ಚಿತ್ರದಲ್ಲೂ ಹಾಡುತ್ತಿರುವವರು ಯಾರೆಂದು ಪತ್ತೆಹಚ್ಚುವುದೇ ಅವಳಿಗೆ ಆಟವಾಯಿತು.

ಹಾಡಿನ ನಂತರ ಪದಗಳ ಸರದಿ. ಚಿತ್ರವನ್ನು ನೀವೊಬ್ಬರೇ ಮೊದಲು ನೋಡಿ, ಅದು ತಿಳಿಯದಿದ್ದರೆ ಕಥೆಯೇ ಮುಂದೆ ಸಾಗದು ಎನ್ನುವಂಥ ಐದು ಪದಗಳನ್ನು ಆರಿಸಿಕೊಳ್ಳಿ. ಐದಕ್ಕಿಂತ ಹೆಚ್ಚಾದರೆ ಅದು ಪಾಠವಾಗುತ್ತದೆ, ಮಕ್ಕಳು ವಾಸನೆ ಹಿಡಿದು ದೂರ ಸರಿಯುತ್ತಾರೆ. ‘ಚೋಮನ ದುಡಿ’ಗೆ ದುಡಿ ಎಂಬ ವಾದ್ಯವನ್ನೂ ಧಣಿ ಎಂಬ ಪದವನ್ನೂ ತಿಳಿಸಲೇಬೇಕು. ಹಳ್ಳಿಯ ಕಥೆಗಳಿಗೆ ಶಾನುಭೋಗರು, ಪಟೇಲರು ಯಾರೆಂದು ಹೇಳಬೇಕು. ತಲಾಠಿ, ಪಾಟೀಲ ಎಂಬ ಮರಾಠಿ ಪದಗಳನ್ನು ಶಾಲೆಯ ಪುಸ್ತಕದಲ್ಲಿ ಓದಿದ ಮಗುವಿಗೆ ಇದು ಅರ್ಧ ನಿಮಿಷದ ಕೆಲಸ. ಅನೇಕ ಹಳೆಯ ಚಿತ್ರಗಳಿಗೆ ಉಪಶೀರ್ಷಿಕೆ ಇರುವುದಿಲ್ಲವಾದ್ದರಿಂದ ಈ ಸಿದ್ಧತೆಯನ್ನು ಬಿಡುವಂತಿಲ್ಲ. ಉಪಶೀರ್ಷಿಕೆ ಸಿಕ್ಕರೆ ಮೊದಲ ಅರ್ಧಕ್ಕೆ ಇಟ್ಟು, ಎರಡನೆಯ ಅರ್ಧಕ್ಕೆ ತೆಗೆದು ನೋಡಿ. ಅಷ್ಟು ಹೊತ್ತಿಗೆ ಪಾತ್ರಗಳ ಮಾತಿನ ಲಯ ಕಿವಿಗೆ ಹತ್ತಿರುತ್ತದೆ.

ಇನ್ನು ಯಾವ ಚಿತ್ರದಿಂದ ಆರಂಭಿಸಬೇಕು ಎಂಬ ವಿಚಾರ. ನಮಗೆ ಅತ್ಯಂತ ಪ್ರಿಯವಾದ ಚಿತ್ರದಿಂದ ಆರಂಭಿಸುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ನಮಗೆ ಪ್ರಿಯವಾದದ್ದರ ಸುತ್ತ ನಮ್ಮ ಯೌವನವಿದೆ, ಊರಿನ ಟೆಂಟಿನ ನೆನಪಿದೆ, ಜೊತೆಗೆ ನೋಡಿದ ಅಕ್ಕ ತಮ್ಮಂದಿರಿದ್ದಾರೆ. ಮಗುವಿಗೆ ಅದಾವುದೂ ಇಲ್ಲ. ಮಗು ಈಗಾಗಲೇ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಕೈಹಿಡಿದು ಕರೆದೊಯ್ಯಬೇಕು. ಹಿಂದಿ ಚೆನ್ನಾಗಿ ಬರುವ ಮುಂಬಯಿಯ ಮಕ್ಕಳಿಗೆ ‘ಮಾಲ್ಗುಡಿ ಡೇಸ್’ ಧಾರಾವಾಹಿಯಷ್ಟು ಒಳ್ಳೆಯ ಹೊಸ್ತಿಲು ಇನ್ನೊಂದಿಲ್ಲ. ಮಾತು ಹಿಂದಿಯದಾದರೂ ಚಿತ್ರೀಕರಣ ಆಗುಂಬೆಯದು, ಸ್ವಾಮಿಯಾಗಿ ನಟಿಸಿದ ಹುಡುಗ ಮಾಸ್ಟರ್ ಮಂಜುನಾಥ್ ಕನ್ನಡದವನು, ಅವನ ತಂದೆ ತಾಯಿಯಾಗಿ ಗಿರೀಶ್ ಕಾರ್ನಾಡ್ ಮತ್ತು ವೈಶಾಲಿ ಕಾಸರವಳ್ಳಿ ಇದ್ದಾರೆ, ನಿರ್ದೇಶಿಸಿದವರು ಇದೇ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ದುಡಿದು ಹೋದ ಶಂಕರ್ ನಾಗ್. ಅರ್ಧ ಗಂಟೆಯೊಳಗೆ ಮುಗಿಯುವ ಕಂತುಗಳು. ಹೆಂಚಿನ ಮನೆ, ಮಳೆ, ಜಗಲಿ, ಶಾಲೆಯ ಬೆತ್ತ ಇವೆಲ್ಲ ಕಣ್ಣಿಗೆ ರೂಢಿಯಾದ ಮೇಲೆ ಅದೇ ಲೋಕವನ್ನು ಕನ್ನಡದಲ್ಲಿ ನೋಡುವುದು ಸುಲಭ.

ಆಮೇಲೆ ಇಡೀ ಚಿತ್ರಕ್ಕಿಂತ ಮೊದಲು ಒಂದು ತುಣುಕು. 1972ರ ‘ನಾಗರಹಾವು’ ಚಿತ್ರದಲ್ಲಿ ಬರುವ ಒನಕೆ ಓಬವ್ವನ ಭಾಗ ತನ್ನಷ್ಟಕ್ಕೇ ಒಂದು ಪೂರ್ಣ ಕಥೆ: ಊಟಕ್ಕೆ ಕೂತ ಗಂಡ, ನೀರು ತರಲು ಹೋದ ಹೆಂಡತಿ, ಕಿಂಡಿಯಲ್ಲಿ ನುಸುಳುವ ಶತ್ರು, ಕೈಗೆ ಸಿಕ್ಕ ಒನಕೆ. ಭಾಷೆಯೇ ಬಾರದ ಮಗುವೂ ಇದನ್ನು ಉಸಿರು ಬಿಗಿಹಿಡಿದು ನೋಡುತ್ತದೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರು ದಾರಿಯಲ್ಲಿ ಚಿತ್ರದುರ್ಗದಲ್ಲಿ ಇಳಿದು, ಆ ಕಿಂಡಿಯನ್ನು ಮಕ್ಕಳಿಗೆ ತೋರಿಸಿದರಂತೂ ರಾಮಾಚಾರಿಯ ಕಥೆಯನ್ನು ಪೂರ್ತಿ ನೋಡಬೇಕೆಂದು ಅವರೇ ಹಟ ಹಿಡಿಯುತ್ತಾರೆ.

ಪೂರ್ಣಾವಧಿಯ ಮೊದಲ ಚಿತ್ರವಾಗಿ ಎಂಟರಿಂದ ಹನ್ನೆರಡರ ವಯಸ್ಸಿಗೆ ನಾನು ಪ್ರತಿಸಲವೂ ಆರಿಸುವುದು 1985ರ ‘ಬೆಟ್ಟದ ಹೂವು’. ಪುನೀತ್ ರಾಜ್‌ಕುಮಾರ್ ಅವರ ಹೆಸರನ್ನು ಕೇಳದ ಕನ್ನಡದ ಮಗು ಮುಂಬಯಿಯಲ್ಲೂ ಇಲ್ಲ. ತಮಗೆ ಗೊತ್ತಿರುವ ನಾಯಕ ತಮ್ಮದೇ ವಯಸ್ಸಿನ ಹುಡುಗನಾಗಿ ಬರಿಗಾಲಲ್ಲಿ ಬೆಟ್ಟ ಹತ್ತುವುದನ್ನು ಅವರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಈ ಚಿತ್ರಕ್ಕಾಗಿ ಪುನೀತ್ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದರು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಆ ಹುಡುಗ ಹೂವು ಹುಡುಕಿ ಕೊಟ್ಟು ಕಾಸು ಕೂಡಿಡುತ್ತಾನೆ. ಕೊನೆಗೆ ಪುಸ್ತಕವೋ, ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿಯೋ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಮನೆಯಲ್ಲಿ ಇದನ್ನು ನೋಡಿದ ಒಂಬತ್ತು ವರ್ಷದ ಹುಡುಗನೊಬ್ಬ ಆ ಘಟ್ಟದಲ್ಲಿ ನೆಲದ ಮೇಲಿನ ಚಾಪೆಯಿಂದ ಎದ್ದು ಟಿವಿಯ ಹತ್ತಿರಕ್ಕೇ ಹೋಗಿ ನಿಂತ. ಚಿತ್ರ ಮುಗಿದ ಮೇಲೆ, “ಅಜ್ಜಿ, ಆ ಪುಸ್ತಕ ನಿಮ್ಮ ಹತ್ತಿರ ಇದೆಯಾ?” ಎಂದು ಕೇಳಿದ. ಕಪಾಟಿನಿಂದ ತೆಗೆದು ಅವನ ಕೈಗಿಟ್ಟೆ. ಒಂದು ಸಾಲೂ ಓದಲು ಬಾರದಿದ್ದರೂ ಅವನು ಅದರ ಭಾರವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಚಿತ್ರಕ್ಕೆ ಸಂಬಂಧಿಸಿದ ಒಂದು ವಸ್ತುವನ್ನು ಹೀಗೆ ಕೈಗೆ ಎಟುಕುವಂತೆ ಇಟ್ಟುಕೊಳ್ಳುವುದು ಅಂದಿನಿಂದ ನನ್ನ ರೂಢಿ.

ತಪ್ಪು ಆಯ್ಕೆಯಿಂದ ಆಗುವ ನಷ್ಟವನ್ನೂ ಹೇಳಬೇಕು. ಮರಾಠಿ ಶಾಲೆಗೆ ಹೋಗುವ ಮಕ್ಕಳಿಗೆ ಪಂಢರಪುರದ ವಿಠ್ಠಲನ ಭಕ್ತರಾದ ವಾರಕರಿ ಸಂತರ ಕಥೆಗಳು ಗೊತ್ತಿರುತ್ತವೆ ಎಂಬ ಧೈರ್ಯದಿಂದ ನಾನು ಆರು ವರ್ಷದ ಮಗುವಿಗೆ 1974ರ ‘ಭಕ್ತ ಕುಂಬಾರ’ವನ್ನು ತೋರಿಸಿದೆ. ಗೋರಾ ಕುಂಬಾರನು ಭಕ್ತಿಯಲ್ಲಿ ಮೈಮರೆತು ಮಣ್ಣು ತುಳಿಯುವಾಗ ಅವನ ಕೂಸೇ ಕಾಲಡಿಗೆ ಸಿಕ್ಕುವ ಪ್ರಸಂಗ ಬಂದಾಗ ಆ ಮಗು ಬೆಚ್ಚಿ ಅಳತೊಡಗಿತು, ಒಂದು ವಾರ ಕತ್ತಲಲ್ಲಿ ಒಬ್ಬನೇ ಹೋಗಲಿಲ್ಲ. ಕಥೆ ಗೊತ್ತಿರುವುದು ಬೇರೆ, ಕಣ್ಣಾರೆ ನೋಡುವುದು ಬೇರೆ ಎಂಬುದನ್ನು ನಾನು ಯೋಚಿಸಬೇಕಿತ್ತು. ಹತ್ತು ಹನ್ನೆರಡು ದಾಟಿದವರಿಗೆ ಮಾತ್ರ ಆ ಚಿತ್ರವನ್ನು ಧಾರಾಳವಾಗಿ ತೋರಿಸಬಹುದು, ಮತ್ತು ಮಹಾರಾಷ್ಟ್ರದ ಮಕ್ಕಳಿಗೆ ತೋರಿಸಲೇಬೇಕು: ಜ್ಞಾನೇಶ್ವರರೇ ಅಭಂಗದಲ್ಲಿ ಕಾನಡಾ, ಅಂದರೆ ಕನ್ನಡದವನು, ಎಂದು ಕರೆದ ವಿಠ್ಠಲನು ಎರಡೂ ಭಾಷೆಗಳಿಗೆ ಸೇರಿದವನು ಎಂಬುದು ಅವರಿಗೆ ಅಲ್ಲಿ ಕಾಣುತ್ತದೆ. ಪುಣೆಯ ಪ್ರಭಾತ್ ಸಂಸ್ಥೆ 1936ರಲ್ಲಿ ತೆಗೆದ ಮರಾಠಿಯ ‘ಸಂತ ತುಕಾರಾಮ್’ ಚಿತ್ರವನ್ನೂ ರಾಜ್‌ಕುಮಾರ್ ನಟಿಸಿದ 1963ರ ಕನ್ನಡದ ‘ಸಂತ ತುಕಾರಾಂ’ ಚಿತ್ರವನ್ನೂ ಒಂದಾದ ಮೇಲೊಂದು ತೋರಿಸಿದರೆ, ಕಥೆ ಒಂದೇ ಆದರೂ ಹೇಳುವ ರೀತಿ ಎಷ್ಟು ಬೇರೆಯಾಗಬಲ್ಲದೆಂದು ದೊಡ್ಡ ಮಕ್ಕಳು ತಾವಾಗಿ ಚರ್ಚೆಗಿಳಿಯುತ್ತಾರೆ.

ಹದಿಮೂರು ಹದಿನಾಲ್ಕರವರಿಗೆ ನಗುವೂ ವೇಗವೂ ಬೇಕು. ಚಾಳಿನ ಬದುಕನ್ನು ಕಂಡವರಿಗೆ, ಕಾಣದಿದ್ದರೂ ಅಜ್ಜ ಅಜ್ಜಿಯರಿಂದ ಕೇಳಿದವರಿಗೆ, ವಠಾರದ ಕಥೆಯಾದ 1990ರ ‘ಗಣೇಶನ ಮದುವೆ’ ತಟ್ಟನೆ ಹತ್ತಿರವಾಗುತ್ತದೆ. 1968ರಲ್ಲಿ ಬಂದ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರಗಳಲ್ಲಿ ರಾಜ್‌ಕುಮಾರ್ ಪತ್ತೇದಾರನಾಗಿ ಬರುವುದನ್ನು, ಅವರನ್ನು ಪುರಾಣದ ವೇಷದಲ್ಲಿ ಮಾತ್ರ ಕಂಡಿದ್ದ ಮಕ್ಕಳು ನಂಬಲಾರರು.

ಈಗ ಕೋಣೆಯ ವ್ಯವಸ್ಥೆ. ಹಳೆಯ ಕಪ್ಪು ಬಿಳುಪು ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರ ಅಳತೆಯದು, ಇಂದಿನ ಟಿವಿಯ ಪರದೆ ಹದಿನಾರಕ್ಕೆ ಒಂಬತ್ತರದು. ಟಿವಿ ತನ್ನಷ್ಟಕ್ಕೆ ಚಿತ್ರವನ್ನು ಎಳೆದು ಪರದೆ ತುಂಬಿಸಿದರೆ ಎಲ್ಲರ ಮುಖವೂ ಚಪ್ಪಟೆಯಾಗಿ, ಎಲ್ಲರೂ ಕುಳ್ಳಗೆ ದಪ್ಪಗೆ ಕಾಣುತ್ತಾರೆ, ಮಕ್ಕಳು ನಗುತ್ತಾರೆ. ನಗುವುದು ಸಹಜವೇ, ಆದರೆ ಅವರು ನಗುತ್ತಿರುವುದು ಚಿತ್ರಕ್ಕಲ್ಲ, ನಮ್ಮ ಅಜಾಗರೂಕತೆಗೆ. ರಿಮೋಟಿನಲ್ಲಿ ಚಿತ್ರದ ಅಳತೆಯನ್ನು ಮೂಲ ಅಳತೆಗೆ ತಂದು, ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯಲು ಬಿಡಿ. ಹಗಲಲ್ಲಿ ತೋರಿಸುವುದಾದರೆ ಕಿಟಕಿಗೆ ದಪ್ಪ ಪರದೆ ಎಳೆಯಿರಿ, ಏಕೆಂದರೆ ಕಪ್ಪು ಬಿಳುಪಿನ ರಾತ್ರಿಯ ದೃಶ್ಯಗಳು ಬಿಸಿಲಿನಲ್ಲಿ ಏನೂ ಕಾಣದಂತಾಗುತ್ತವೆ. ನಮ್ಮ ಊರಿನ ಜುಲೈ ಆಗಸ್ಟ್ ತಿಂಗಳ ಮಳೆಯ ಮಧ್ಯಾಹ್ನಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಟಿವಿಯ ಸಣ್ಣ ಸ್ಪೀಕರಿನಲ್ಲಿ ಹಳೆಯ ಧ್ವನಿ ಒಡೆದು ಮಾತು ಅಸ್ಪಷ್ಟವಾಗುವುದರಿಂದ ಬೇರೆ ಸ್ಪೀಕರ್ ಜೋಡಿಸುವುದು ಒಳ್ಳೆಯದು. ಒಂದೇ ಚಿತ್ರದ ಹಲವು ಪ್ರತಿಗಳು ಅಂತರಜಾಲದಲ್ಲಿ ಸಿಕ್ಕರೆ ಪ್ರತಿಯೊಂದರ ಮೊದಲ ಐದು ನಿಮಿಷ ಹೋಲಿಸಿ, ಹಕ್ಕುದಾರರೇ ಹಾಕಿರುವ, ಹಾಡುಗಳನ್ನು ಕತ್ತರಿಸದ ಪ್ರತಿಯನ್ನು ಆರಿಸಿ.

ಎರಡೂವರೆ ಗಂಟೆಯ ಚಿತ್ರವನ್ನು ಒಂದೇ ಬಾರಿಗೆ ತೋರಿಸಬೇಕಾಗಿಲ್ಲ. ವಿರಾಮ ಬರುವ ಕಡೆಯಲ್ಲೇ ನಿಲ್ಲಿಸಿ, ಉಳಿದದ್ದನ್ನು ಮರುದಿನಕ್ಕೆ ಇಡಿ. ವಿರಾಮವನ್ನು ಕಥೆಯ ತಿರುವಿನಲ್ಲಿಯೇ ಇಡುತ್ತಿದ್ದರಾದ್ದರಿಂದ ಮಕ್ಕಳು ರಾತ್ರಿಯೆಲ್ಲ ಮುಂದೇನು ಎಂದು ಊಹಿಸುತ್ತಾರೆ.

ಬಣ್ಣ ಹಚ್ಚಿದ ಪ್ರತಿಗಳ ಬಗೆಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣದಲ್ಲಿ ಮತ್ತೆ ತೆರೆ ಕಂಡವು, ಅವುಗಳಿಂದ ಹೊಸ ಪ್ರೇಕ್ಷಕರು ಬಂದದ್ದೂ ನಿಜ. ಆದರೂ ಮೊದಲ ನೋಟಕ್ಕೆ ಕಪ್ಪು ಬಿಳುಪೇ ಇರಲಿ. ಬೆಳಕು ನೆರಳುಗಳಲ್ಲಿಯೇ ಅಳತೆ ಮಾಡಿ ತೆಗೆದ ಚಿತ್ರವದು. ಬೆಳಕು ಎಂದರೇನೆಂದು ದೊಡ್ಡ ಮಕ್ಕಳಿಗೆ ತೋರಿಸಬೇಕಾದರೆ, ಮೈಸೂರಿನಿಂದ ಮುಂಬಯಿಗೆ ಬಂದು ಗುರುದತ್ ಅವರ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಮಾಡಿದ್ದನ್ನು ಐದು ನಿಮಿಷ ತೋರಿಸಿ. ಅದು ಹಿಂದಿ ಚಿತ್ರವಾದರೂ ಕಣ್ಣು ಕನ್ನಡಿಗರದು. ಅವರಿಗೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು.

ಚಿತ್ರ ಓಡುತ್ತಿರುವಾಗ ಹಿರಿಯರು ಮಾಡಬೇಕಾದ ಅತ್ಯಂತ ಕಷ್ಟದ ಕೆಲಸವೆಂದರೆ ಸುಮ್ಮನಿರುವುದು. “ಈಗ ನೋಡು, ಈಗ ಬರುತ್ತೆ” ಎನ್ನಬೇಡಿ. ನಿಮ್ಮ ಕಣ್ಣಲ್ಲಿ ನೀರು ಬಂದರೆ ಬರಲಿ, ಆದರೆ ಮಗುವಿನ ಕಣ್ಣಲ್ಲಿ ಬಂದಿದೆಯೇ ಎಂದು ತಿರುಗಿ ನೋಡಬೇಡಿ. ವಿಗ್ಗು, ಕಾಗದದ ಬೆಟ್ಟ, ಡಬ್ಬಾ ಕತ್ತಿ ಕಂಡು ಅವರು ನಕ್ಕರೆ ಗದರದೆ ಜೊತೆಗೆ ನಗಿ. ನಕ್ಕ ಮಗು ಕೂತಿರುತ್ತದೆ, ಗದರಿಸಿಕೊಂಡ ಮಗು ಮೊಬೈಲು ತೆಗೆಯುತ್ತದೆ. ನಮ್ಮ ಕಾಲದಲ್ಲಿ ಹೀಗಿತ್ತು, ಈಗಿನ ಚಿತ್ರಗಳಲ್ಲಿ ಏನಿದೆ ಎಂಬ ಮಾತನ್ನಂತೂ ಆ ದಿನ ಬಾಯಿಗೆ ತರಲೇಬಾರದು. ಮುಗಿದ ಮೇಲೆ ನೀತಿ ಏನೆಂದು ಕೇಳುವ ಬದಲು, ಯಾರ ಮೇಲೆ ಸಿಟ್ಟು ಬಂತು ಎಂದು ಕೇಳಿ ನೋಡಿ. ಉತ್ತರ ಕೂಡಲೇ ಬರುತ್ತದೆ, ಮತ್ತು ಅದು ಬಹುತೇಕ ನಾವು ನಿರೀಕ್ಷಿಸಿದ ಪಾತ್ರದ ಮೇಲೆ ಇರುವುದಿಲ್ಲ.

ಆ ಸಿಟ್ಟಿಗೆ ನ್ಯಾಯವಾದ ಕಾರಣಗಳೂ ಇರುತ್ತವೆ. ಹಳೆಯ ಚಿತ್ರಗಳಲ್ಲಿ ಗಂಡ ಹೆಂಡತಿಯ ಕೆನ್ನೆಗೆ ಹೊಡೆಯುವುದು ಸಹಜವೆಂಬಂತೆ ಬರುತ್ತದೆ, ಮೈಬಣ್ಣವನ್ನೂ ಮೈಕಟ್ಟನ್ನೂ ಹಾಸ್ಯ ಮಾಡುತ್ತಾರೆ, ಜಾತಿಯ ಮಾತುಗಳು ಯೋಚನೆಯಿಲ್ಲದೆ ಉದುರುತ್ತವೆ. ಇವನ್ನು ಮುಂದೆ ಓಡಿಸಿ ಮರೆಮಾಚುವುದು ಸರಿಯಲ್ಲ, ಆಗ ಎಲ್ಲ ಹಾಗೇ ಇತ್ತು ಎಂದು ಸಮರ್ಥಿಸುವುದೂ ಸರಿಯಲ್ಲ. ಅದು ತಪ್ಪು ಎಂದು ನೇರವಾಗಿ ಒಪ್ಪಿಕೊಂಡು, ಅದೇ ಕಾಲದಲ್ಲಿ ಅದನ್ನು ಪ್ರಶ್ನಿಸಿದ ಚಿತ್ರಗಳನ್ನು ಪಕ್ಕದಲ್ಲಿ ಇಡಬೇಕು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆಗೆದ ‘ಶರಪಂಜರ’ದಲ್ಲಿ, ಹೆರಿಗೆಯ ನಂತರ ಮನಸ್ಸು ಕದಡಿ ಚಿಕಿತ್ಸೆ ಪಡೆದು ಗುಣವಾಗಿ ಬಂದ ಕಾವೇರಿಯನ್ನು ಮನೆಯವರೂ ನೆರೆಯವರೂ ಹುಚ್ಚಿಯೆಂದೇ ನೋಡುತ್ತಾರೆ. ಹದಿನೇಳರ ಹೆಣ್ಣುಮಕ್ಕಳ ಜೊತೆ ಕೂತು ಇದನ್ನು ನೋಡಿದ ಸಂಜೆ, ಆ ಕಾಯಿಲೆಯ ವೈದ್ಯಕೀಯ ಹೆಸರನ್ನು ನನಗೆ ಹೇಳಿಕೊಟ್ಟವರು ಅವರೇ. ಕಲ್ಪನಾ ಅವರ ಅಭಿನಯ ಅತಿಯಾಯಿತು ಎಂದು ಆರಂಭದಲ್ಲಿ ಹೇಳಿದವರೂ ಅವರೇ, ಕೊನೆಯಲ್ಲಿ ಮಾತಿಲ್ಲದೆ ಕೂತವರೂ ಅವರೇ.

ಈ ವಯಸ್ಸಿಗೆ ಬಂದ ಮೇಲೆ ಹೊಸ ಅಲೆಯ ಚಿತ್ರಗಳಿಗೆ ಕರೆದೊಯ್ಯಬಹುದು, ಅಲ್ಲಿಯೂ ಮುಂಬಯಿ ಪುಣೆಗಳ ಎಳೆಗಳು ಬೇಕಾದಷ್ಟಿವೆ. ಹಿಂದಿ ಚಿತ್ರಗಳ ಖಳನಾಯಕನೆಂದು ಎಲ್ಲರಿಗೂ ಗೊತ್ತಿರುವ ಅಮರೀಶ್ ಪುರಿ 1973ರ ‘ಕಾಡು’ ಚಿತ್ರದಲ್ಲಿ ಕನ್ನಡದ ಹಳ್ಳಿಯ ಗೌಡನಾಗಿದ್ದಾರೆ. ‘ಘಟಶ್ರಾದ್ಧ’ ತೆಗೆದ ಗಿರೀಶ್ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತವರು. 1977ರ ಆ ಚಿತ್ರವು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೈಜೋಡಿಸಿದ ಕೆಲಸದಿಂದ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನೂ ಮಕ್ಕಳಿಗೆ ಹೇಳಿ: 1934ರಲ್ಲಿ ತೆರೆ ಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದು ನಮ್ಮ ಕೊಲ್ಹಾಪುರದಲ್ಲಿ, ಆದರೆ ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಚಿತ್ರವೊಂದು ಹೀಗೆ ಇಲ್ಲವಾಗಬಲ್ಲದು ಎಂಬುದು, ಎಲ್ಲವೂ ಮೊಬೈಲಿನಲ್ಲಿ ಎಂದೆಂದಿಗೂ ಇರುತ್ತದೆಂದು ನಂಬಿರುವ ಈ ಮಕ್ಕಳನ್ನು ನಿಜಕ್ಕೂ ಕಾಡುತ್ತದೆ. ರಜೆಯ ದಿನ ಅವರನ್ನು ಪೆಡರ್ ರಸ್ತೆಯಲ್ಲಿರುವ ಭಾರತೀಯ ಸಿನೆಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಹಳೆಯ ಕ್ಯಾಮೆರಾಗಳನ್ನು ತೋರಿಸಿ.

ನಾಲ್ಕೈದು ಮನೆಗಳ ಮಕ್ಕಳು ಜೊತೆಯಾದರೆ ಒಂದು ಸಭಾಂಗಣ ಬೇಕೆನಿಸುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಂಥ ಹಳೆಯ ಸಂಸ್ಥೆಗಳನ್ನೋ ನಿಮ್ಮ ಉಪನಗರದ ಕನ್ನಡ ಸಂಘವನ್ನೋ ವಿಚಾರಿಸಿ ನೋಡಬಹುದು. ಸಾರ್ವಜನಿಕವಾಗಿ ತೋರಿಸುವಾಗ ಹಕ್ಕುದಾರರ ಒಪ್ಪಿಗೆ ಬೇಕು. ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ ಎಂಬುದನ್ನು ನೆನಪಿಟ್ಟು, ಒಪ್ಪಿಗೆಯನ್ನು ಬರೆಹದಲ್ಲಿ ಪಡೆಯಿರಿ. ಪ್ರೊಜೆಕ್ಟರನ್ನು ಹಿಂದಿನ ದಿನವೇ ಹಚ್ಚಿ ನೋಡಿ. ಒಮ್ಮೆ ಬಾಡಿಗೆಗೆ ತಂದ ಯಂತ್ರಕ್ಕೆ ಧ್ವನಿಯ ತಂತಿಯೇ ಇಲ್ಲದೆ, ಮೂವತ್ತು ಮಕ್ಕಳು ಮುಕ್ಕಾಲು ಗಂಟೆ ಕಾದು ಮನೆಗೆ ಮರಳಿದ್ದರು, ಅವರಲ್ಲಿ ಅರ್ಧದಷ್ಟು ಮಂದಿ ಮತ್ತೆ ಬರಲಿಲ್ಲ. ಭಾನುವಾರ ಲೋಕಲ್ ರೈಲಿನ ಮೆಗಾ ಬ್ಲಾಕ್ (ಹಳಿ ದುರಸ್ತಿಗಾಗಿ ಸಂಚಾರ ತಡೆಯುವುದು) ಇರುವ ಮಾರ್ಗ ಯಾವುದೆಂದು ನೋಡಿಯೇ ಸಮಯ ಗೊತ್ತುಮಾಡಿ, ಹೊರಡುವ ಮುನ್ನ ಮಕ್ಕಳು ಮಾತನಾಡಲು ಅರ್ಧ ಗಂಟೆ ಬಿಡಿ, ಮತ್ತು ಮುಂದಿನ ಚಿತ್ರದ ಒಂದು ಹಾಡನ್ನು ಅವರು ಚಪ್ಪಲಿ ಹುಡುಕುತ್ತಿರುವಾಗಲೇ ಹಾಕಿಬಿಡಿ.